ಎರಡು ಅಡಿ ಸುಳ್ಳು

ಮಗಳ ಲೆಕ್ಕದ ಪುಸ್ತಕದಲ್ಲಿ ನನ್ನ ಉತ್ತರದ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿದೆ. ಬರೆದವಳು ಅವಳು, ಹೇಳಿಕೊಟ್ಟವನು ನಾನು. 3,449ನ್ನು ಹತ್ತಿರದ ಸಾವಿರಕ್ಕೆ ಅಂದಾಜಿಸಬೇಕಿತ್ತು. ನಾನು ಮೆಟ್ಟಿಲು ಹತ್ತುವವನಂತೆ ಹೋದೆ: 3,449 ಅಂದರೆ 3,450, ಅದು 3,500, ಅದು 4,000. ಒಂದೊಂದು ಮೆಟ್ಟಿಲೂ ಸರಿಯಾಗಿಯೇ ಇತ್ತು, ಹೋಗಿ ನಿಂತ ಮಹಡಿ ಮಾತ್ರ ಬೇರೆಯವರದು. ಸರಿಯುತ್ತರ 3,000. "ನೂರರ ಸ್ಥಾನ ಒಂದನ್ನೇ ನೋಡಬೇಕಪ್ಪಾ, ಅಲ್ಲಿರುವುದು ನಾಲ್ಕು" ಎಂದು ಮಗಳು ಮರುಕದಿಂದ ತಿಳಿಸಿದಳು.

ಸೋತವನಿಗೆ ನಿಯಮದ ಮೇಲೆ ಸಿಟ್ಟು ಬರುವುದು ಸಹಜ. ಈ ಐದನ್ನೇ ನೋಡಿ. 3,500 ಎಂಬುದು 3,000ಕ್ಕೆ ಎಷ್ಟು ದೂರವೋ 4,000ಕ್ಕೂ ಅಷ್ಟೇ ದೂರ. ಆದರೂ ಶಾಲೆಯಲ್ಲಿ ಅದಕ್ಕೆ ಸದಾ ಬಡ್ತಿ. ಹೀಗೆ ನಟ್ಟನಡುವೆ ನಿಂತದ್ದನ್ನು, ಸಾವಿರದ ಸ್ಥಾನದಲ್ಲಿ ಸಮಸಂಖ್ಯೆ ಬರುವ ಕಡೆಗೆ ಸರಿಸುವ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ 3,500 ಏರಿ 4,000 ಆಗುತ್ತದೆ, 2,500 ಇಳಿದು 2,000 ಆಗುತ್ತದೆ. ಇದನ್ನು ಮಗಳಿಗೆ ಹೇಳಿದೆ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ.

ನಿಜವಾಗಿ ನಾನು ಹೇಳಹೊರಟಿದ್ದು ಬೇರೆ. ದುಂಡಗಿನ ಸಂಖ್ಯೆಯನ್ನು ಜನ ನಂಬುವುದಿಲ್ಲ. ಇದಕ್ಕೆ ಹಿಮಾಲಯದಷ್ಟು ದೊಡ್ಡ ಸಾಕ್ಷಿಯಿದೆ. ಆಗಿನ್ನೂ ಎವರೆಸ್ಟ್‌ಗೆ ಆ ಹೆಸರಿರಲಿಲ್ಲ, ಸರ್ವೆಯವರ ಕಡತದಲ್ಲಿ ಅದು ಬರೀ ಹದಿನೈದನೆಯ ಶಿಖರ. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಿಂತು ಕೋನಗಳನ್ನು ಅಳೆದರು. ಸರ್ವೆಯ ಗಣಿತಜ್ಞ ರಾಧಾನಾಥ ಸಿಕ್ದರ್ ಲೆಕ್ಕ ಹಾಕಿದರು. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಕಳೆದು, ಬೇರೆ ಬೇರೆ ಠಾಣೆಗಳ ಉತ್ತರಗಳ ಸರಾಸರಿ ತೆಗೆದಾಗ ಬಂದದ್ದು ಸರಿಯಾಗಿ 29,000 ಅಡಿಯಂತೆ. ವರ್ಷಗಟ್ಟಲೆ ಬೆವರು ಸುರಿಸಿದವರ ಗತಿ ಯೋಚಿಸಿ! ಇದನ್ನು ಪ್ರಕಟಿಸಿದರೆ, ಯಾರೋ ಕುರ್ಚಿಯಲ್ಲಿ ಒರಗಿಕೊಂಡು 'ಒಂದು ಇಪ್ಪತ್ತೊಂಬತ್ತು ಸಾವಿರ ಇರಬಹುದು' ಎಂದ ಹಾಗಿರುತ್ತದೆ. ಅದಕ್ಕೇ ಸರ್ವೇಯರ್ ಜನರಲ್ ಆಂಡ್ರೂ ವಾ ಎರಡು ಅಡಿ ಸೇರಿಸಿ 1856ರಲ್ಲಿ 29,002 ಎಂದು ಸಾರಿದರು ಎಂಬ ಕಥೆಯಿದೆ. ನಿಜ ಹೇಳಿದರೆ ನಂಬಲಾರರೆಂದು ಎರಡು ಅಡಿ ಸುಳ್ಳು. ತಮಾಷೆಯೆಂದರೆ, 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದ ಎತ್ತರ 8,848.86 ಮೀಟರ್. ಅಡಿಯಲ್ಲಿ ಹೇಳಿದರೆ 29,032ರ ಹತ್ತಿರ. ಅಂದರೆ ಆ ಎರಡು ಅಡಿ ಸುಳ್ಳು ಅವರನ್ನು ಸತ್ಯಕ್ಕೆ ಎರಡು ಅಡಿ ಹತ್ತಿರವೇ ಒಯ್ದಿತ್ತು. ಸುಳ್ಳು ಹೇಳುವುದಕ್ಕೂ ಯೋಗ ಬೇಕು.

ಇದನ್ನೆಲ್ಲ ಬಲ್ಲ ನನಗೆ, ಮೊಬೈಲ್ ನೋಡಿ "ಇವತ್ತು 10,437 ಹೆಜ್ಜೆ ನಡೆದೆ" ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಹತ್ತು ಸಾವಿರವನ್ನು ಒಪ್ಪಿಕೊಳ್ಳೋಣ. ಆ 437ನ್ನು ಕೇಳಿದವರು ಯಾರು? 'ಹತ್ತಿಪ್ಪತ್ತು', 'ನಾಲ್ಕೈದು', 'ಹೆಚ್ಚುಕಡಿಮೆ' ಎಂಬ ಮಾತುಗಳಿರುವ ಭಾಷೆಯಲ್ಲಿ ಹುಟ್ಟಿದವರು ಹೀಗೆಲ್ಲ ಆಡಬಾರದು.

ಇದರಿಂದ ಅಂದಾಜಿನ ಬಗ್ಗೆ ಒಂದು ಘನವಾದ ಮಾತು ಹೊರಡಬೇಕಿತ್ತು. ಅಷ್ಟರಲ್ಲಿ ಮಗಳು, ಇನ್ನೂ ನಾಲ್ಕು ಲೆಕ್ಕ ಉಳಿದಿವೆ ಎಂದಳು. ಹತ್ತಿರದ ಹತ್ತಕ್ಕೆ ಅಂದಾಜಿಸಿದರೆ ನಾಲ್ಕು ಎಂದರೆ ಸೊನ್ನೆ, ಪುಸ್ತಕ ಮುಚ್ಚು ಎಂದೆ. ಅವಳು ನನ್ನ ಕೈಯಲ್ಲಿದ್ದ ಪೆನ್ಸಿಲನ್ನು ಮೆಲ್ಲಗೆ ತೆಗೆದುಕೊಂಡು ಅಮ್ಮನ ಬಳಿ ಹೋದಳು.