ಕಿಡಿಗೇಡಿ ಸೂರ್ಯನ ಮೇಲೊಂದು ಕೇಸು

ಮೊನ್ನೆ ಬೆಳಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ, ಫೋನ್ ಟಣ್ ಅಂತು. ‘ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಒಣ ಹವೆ ಮುಂದುವರಿಯಲಿದೆ. ಗಾಳಿಯ ವೇಗ ಹೆಚ್ಚಲಿದೆ. ಬೆಂಕಿ ಅನಾಹುತಗಳ ಸಾಧ್ಯತೆ ಇದ್ದು ಸಾರ್ವಜನಿಕರು ಎಚ್ಚರ ವಹಿಸಬೇಕು.’ ನಾನೂ ಸಾರ್ವಜನಿಕರಲ್ಲಿ ಒಬ್ಬ ಅಲ್ವಾ, ತಕ್ಷಣ ಎಚ್ಚರ ವಹಿಸಿದೆ. ಅಂದರೆ ಗೋಡೆಗೆ ಒರಗಿದ್ದವನು ಸ್ವಲ್ಪ ನೆಟ್ಟಗೆ ಕೂತೆ. ಅದಕ್ಕಿಂತ ಜಾಸ್ತಿ ಏನು ಮಾಡಬೇಕು ಅಂತ ಅದರಲ್ಲಿ ಬರೆದಿರಲಿಲ್ಲ. ಆಮೇಲೆ ಅದನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅಲ್ಲಿ ಆಗಲೇ ನಾಲ್ಕು ಮಂದಿ ಕಳಿಸಿದ್ದರು, ಒಬ್ಬರಂತೂ ಕೆಳಗೆ ಗುಲಾಬಿ ಹೂವಿಟ್ಟು ‘ಶುಭೋದಯ’ ಅಂತಲೂ ಸೇರಿಸಿದ್ದರು.

ಹತ್ತು ನಿಮಿಷ ಆಗಿರಲಿಲ್ಲ, ಹೊಗೆ ವಾಸನೆ ಬಂತು. ಹೊರಗೆ ಹೋಗಿ ನೋಡಿದರೆ ರಸ್ತೆ ಗುಡಿಸುವ ಅಕ್ಕ ಬೇವಿನ ಒಣ ಎಲೆಗಳನ್ನೆಲ್ಲ ವಿದ್ಯುತ್ ಕಂಬದ ಬುಡಕ್ಕೆ ಒಟ್ಟಿ ಬೆಂಕಿ ಹಚ್ಚಿದ್ದಳು. ಎಲೆ ಜೊತೆಗೆ ಎರಡು ಹಾಲಿನ ಪಾಕೀಟು, ಒಂದು ಹರಿದ ಚಪ್ಪಲಿ.

‘ಅಕ್ಕಾ, ಇಷ್ಟು ಗಾಳಿ ಅದ, ಬೆಂಕಿ ಯಾಕ ಹಚ್ಚೀರಿ?’

‘ಗಾಳಿ ಅದ ಅಂತನೇ ಹಚ್ಚೀನ್ರಿ ಅಣ್ಣಾ. ಇಲ್ಲಂದ್ರ ಗುಡಿಸಿದ್ದೆಲ್ಲಾ ಮತ್ತ ರಸ್ತಿ ಮ್ಯಾಲೆ ಹಾರ್ತದ. ಗಾಡಿ ಬರಲ್ಲ, ಎಲಿ ನಿಂದ್ರಲ್ಲ. ನಾ ಏನ್ ಮಾಡ್ಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗಿನ ಸಂದೇಶದಲ್ಲೂ ಇರಲಿಲ್ಲ.

ಕಾಡ್ಗಿಚ್ಚಿನ ಬಗ್ಗೆ ಓದಿದವರು ಒಂದು ಲೆಕ್ಕ ಹೇಳುತ್ತಾರೆ. ಬಿಸಿಲು 30 ಡಿಗ್ರಿ ದಾಟಬೇಕು, ಗಾಳಿಯಲ್ಲಿ ತೇವ ಶೇಕಡಾ 30ಕ್ಕಿಂತ ಕಡಿಮೆ ಆಗಬೇಕು, ಗಾಳಿ ಗಂಟೆಗೆ 30 ಕಿಲೋಮೀಟರ್ ದಾಟಬೇಕು. ಮೂರೂ ಕೂಡಿದರೆ ಅಪಾಯದ ದಿನ. ಯಾವುದೋ ತಂಪು ದೇಶದವರು ಮಾಡಿದ ಲೆಕ್ಕ ಇರಬೇಕು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಬೆಳಗಿನ ತಿಂಡಿಗೆ ಸುಸಲಾ ತಿಂದು ಕೈ ತೊಳೆಯುವಷ್ಟರಲ್ಲಿ 30 ದಾಟಿರುತ್ತದೆ. ರಾತ್ರಿ 30ಕ್ಕೆ ಇಳಿದರೆ ‘ಇವತ್ತ ಜರಾ ತಂಪದ’ ಅಂತ ಮಾಳಿಗೆ ಮೇಲೆ ಹಾಸಿಗೆ ಹಾಕುವ ಜನ ನಾವು. ಮಧ್ಯಾಹ್ನದ ತೇವದ ಮಾತು ಕೇಳಲೇಬೇಡಿ, ಒಗೆದು ಹಾಕಿದ ಲುಂಗಿ ತಂತಿಯ ಆ ತುದಿಗೆ ಹರಡುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಹೀಗಾಗಿ ಎರಡು ಮೂವತ್ತುಗಳು ನಮ್ಮೂರಿನ ಕಾಯಂ ನಿವಾಸಿಗಳು, ರೇಷನ್ ಕಾರ್ಡ್ ಒಂದೇ ಬಾಕಿ. ಮೂರನೆಯದು, ಅಂದರೆ ಗಾಳಿ, ಆಗಾಗ ಬಂದು ಹೋಗುವ ಅಳಿಯ. ನಮ್ಮ ಕಡೆಗೆ ಮೂರು ಮೂವತ್ತು ಬೇಡ, ಮೂರು ಬಕಾರ ಸಾಕು: ಬಿಸಿಲು, ಬಿರುಗಾಳಿ, ಬೀಡಿ.

ಇದಕ್ಕಿಂತ ಮಜಾ ಇನ್ನೊಂದಿದೆ. ಬಯಲು ಪ್ರದೇಶದಲ್ಲಿ ಬಿಸಿಗಾಳಿ ಅಂತ ಹವಾಮಾನ ಇಲಾಖೆ ಘೋಷಿಸಬೇಕಾದರೆ ಕನಿಷ್ಠ 40 ಡಿಗ್ರಿ ಇದ್ದು, ಅದು ಮಾಮೂಲಿಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಆದರೆ ಮೇ ತಿಂಗಳಲ್ಲಿ ನಮ್ಮ ಮಾಮೂಲೇ 40ರ ಮೇಲೆ! ಹಾಗಾಗಿ 44 ಡಿಗ್ರಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಡೆದು ಹೋಗಿ ನೆತ್ತಿ ಬೆಂದು ಬಂದವನಿಗೆ ಕಾಗದದ ಪ್ರಕಾರ ಏನೂ ಆಗಿರುವುದಿಲ್ಲ. ಬೇಯುವುದರಲ್ಲೂ ನಾವು ಒಂದು ಡಿಗ್ರಿಯಿಂದ ಫೇಲ್.

ಇಷ್ಟೆಲ್ಲ ಆದಮೇಲೂ ಬೆಂಕಿ ಬಿದ್ದಾಗ ಎಲ್ಲರೂ ತೋರಿಸುವುದು ಮೇಲಕ್ಕೇ. ‘ಬಿಸಿಲಿನ ತಾಪಕ್ಕೆ ಬಣವೆ ಭಸ್ಮ’, ‘ಬಿಸಿಲಿಗೆ ಹೊತ್ತಿ ಉರಿದ ಗುಡ್ಡ’. ಪಾಪ ಆ ಸೂರ್ಯ. ಒಣ ಎಲೆ ತಾನಾಗಿ ಹೊತ್ತಿಕೊಳ್ಳಬೇಕಾದರೆ 200 ಡಿಗ್ರಿಗೂ ಮೇಲೆ ಶಾಖ ಬೇಕು. ಸೂರ್ಯ ಗಾಳಿಯನ್ನು ಕಾಯಿಸುವುದು 45ರ ಆಸುಪಾಸು. ಉಳಿದದ್ದೆಲ್ಲ ಸಾರ್ವಜನಿಕ ವಂತಿಗೆ.

ಸರ್ಕಾರ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. ಚಿಂಚೋಳಿಯ ಕಾಡಿದೆಯಲ್ಲ, 134 ಚದರ ಕಿಲೋಮೀಟರ್ ಚಿಲ್ಲರೆ, 2011ರಲ್ಲಿ ವನ್ಯಜೀವಿ ಧಾಮ ಆಯಿತು. ಬೇಸಿಗೆಯಲ್ಲಿ ಕುಂಚಾವರಂ ಕಡೆ ಹೋದರೆ ಸಾಗವಾನಿ ಎಲೆಗಳು ಹಪ್ಪಳದ ಹಾಗೆ ಕಾಲಡಿ ಮುರಿಯುತ್ತವೆ. ಇಂಥ ಕಾಡುಗಳ ಮೇಲೆ 800 ಕಿಲೋಮೀಟರ್‌ಗೂ ಎತ್ತರದಿಂದ ಉಪಗ್ರಹ ಕಣ್ಣಿಟ್ಟಿರುತ್ತದೆ. 375 ಮೀಟರ್‌ನ ಚೌಕ ಚೌಕ ಮಾಡಿ ನೆಲ ನೋಡುತ್ತದೆ, ಎಲ್ಲಿ ಬಿಸಿ ಕಂಡರೂ ಡೆಹ್ರಾಡೂನ್‌ನ ಅರಣ್ಯ ಸರ್ವೇಕ್ಷಣೆಯವರು ಇಲ್ಲಿನವರ ಮೊಬೈಲ್‌ಗೆ ಸುದ್ದಿ ಮುಟ್ಟಿಸುತ್ತಾರೆ. ಒಳ್ಳೆಯ ವ್ಯವಸ್ಥೆ, ತಮಾಷೆ ಅಲ್ಲ. ತಮಾಷೆ ಇರುವುದು ಟೈಮಿನಲ್ಲಿ. ಆ ಉಪಗ್ರಹ ಹಗಲು ನಮ್ಮ ನೆತ್ತಿ ಮೇಲೆ ಬರುವುದು ಹೆಚ್ಚುಕಡಿಮೆ ಮಧ್ಯಾಹ್ನ 1:30ಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ಸರ್ಕಾರಿ ಕಚೇರಿಗಳ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಉಪಗ್ರಹ ಡ್ಯೂಟಿಗೆ ಹಾಜರಾಗುವ ಹೊತ್ತಿಗೆ ಕೆಳಗೆ ಬೀಗದ ಕೈ ತಿರುಗುತ್ತಿರುತ್ತದೆ. ರಾತ್ರಿ ಮತ್ತೊಂದು ಸಲ ಬರುತ್ತದೆ, ಅದೂ 1:30ಕ್ಕೇ. ಎರಡು ಸಲವೂ ನಾವು ಮಲಗಿರುತ್ತೇವೆ.

(ಕಾಡಿನ ಕಾವಲು ಕಾಯುವವರಿಗೆ ಈ ಒಂದೂವರೆ ಲೆಕ್ಕ ಇಲ್ಲ. ಅವರು ಹಸಿ ಟೊಂಗೆ ಮುರಿದುಕೊಂಡು ಬೆಂಕಿಯನ್ನು ಬಡಿದು ಬಡಿದು ಆರಿಸುತ್ತಾರೆ. ಮೇಲೆ ಉಪಗ್ರಹ, ಕೆಳಗೆ ಟೊಂಗೆ. ನಡುವೆ ಇರಬೇಕಾದದ್ದು ಏನೂ ಇಲ್ಲ.)

ಹೋದ ವರ್ಷ ಒಂದು ಬೆಂಕಿ ಜಾಗೃತಿ ಸಭೆಗೆ ಹೋಗಿದ್ದೆ. ಯಾವ ಇಲಾಖೆ ಅಂತ ಕೇಳಬೇಡಿ, ನಾಳೆ ನನಗೂ ಅಲ್ಲಿ ಕೆಲಸ ಬೀಳುತ್ತದೆ. ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ, ಅದರ ಲೆಕ್ಕದಲ್ಲಿ ಮಾಡಿದ್ದರು. ಬೆಂಕಿ ಹಚ್ಚಬೇಡಿ ಎನ್ನುವ ಕಾರ್ಯಕ್ರಮ ಶುರುವಾದದ್ದು ಬೆಂಕಿ ಹಚ್ಚಿ. ದೀಪ ಗಾಳಿಗೆ ನಿಲ್ಲುತ್ತಿಲ್ಲ ಅಂತ ಫ್ಯಾನ್ ಎಲ್ಲಾ ಬಂದ್ ಮಾಡಿಸಿದರು. ಐದೂ ಬತ್ತಿ ಹತ್ತುವುದಕ್ಕೆ ಒಂದು ಬೆಂಕಿಪೊಟ್ಟಣ ಖಾಲಿಯಾಯಿತು. 43 ಡಿಗ್ರಿಯಲ್ಲಿ ಅತಿಥಿಗಳಿಗೆ ಉಣ್ಣೆ ಶಾಲು ಹೊದಿಸಿದರು. ಗೋಡೆಯ ಕೆಂಪು ಸಿಲಿಂಡರ್‌ಗೆ ಯಾರೋ ಹೂವಿನ ಹಾರ ನೇತು ಹಾಕಿದ್ದರು. ಹಾರ ಸರಿಸಿ ನೋಡಿದೆ, ಅದರ ಅವಧಿ ಮೂರು ವರ್ಷದ ಹಿಂದೆಯೇ ಮುಗಿದಿತ್ತು. ಹಾರ ಯಾಕೆ ಅಂತ ಆಗ ಗೊತ್ತಾಯಿತು.

ಭಾಷಣ ಮಾತ್ರ ಚೆನ್ನಾಗಿತ್ತು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಒಂದು ಹಡಗು ಸಿಡಿದು ಊರಿನ ಒಂದು ಭಾಗವೇ ಹೋಯಿತು, ಆ ಹಡಗಿನಲ್ಲಿ ಸಿಡಿಮದ್ದು ಮತ್ತು ಹತ್ತಿ ಒಟ್ಟಿಗೆ ತುಂಬಿದ್ದರು, ಬೆಂಕಿ ಆರಿಸುವಾಗ ಸತ್ತ ಸಿಬ್ಬಂದಿಯ ನೆನಪಿಗೆ ಈ ಸಪ್ತಾಹ ಅಂತೆಲ್ಲ ಹೇಳಿದರು. ಪಕ್ಕದಲ್ಲಿ ಕೂತ ಶಹಾಪುರದವರು ‘ಹತ್ತಿ ಮತ್ತ ಮದ್ದು ಕೂಡೇ ತುಂಬ್ತಾರೇನ್ರೀ, ಎಂಥಾ ಮಂದಿ’ ಅಂತ ಲೊಚಗುಟ್ಟಿದರು. ಅವರೂರಿನ ಕಡೆ ಹತ್ತಿ ತುಂಬಿದ ಟ್ರಾಕ್ಟರ್ ಮೇಲೆ ಮಲಗಿ ಬೀಡಿ ಸೇದುತ್ತಾ ಬರುವವರನ್ನು ನಾನು ನೋಡಿದ್ದೇನೆ. ಹೇಳಲಿಲ್ಲ.

ಬೇರೆಯವರದೇಕೆ, ನಮ್ಮ ಕಾಕಾನದೇ ಹೇಳುತ್ತೇನೆ. ಆಳಂದ ಕಡೆ ಹೊಲ. ಕಬ್ಬು ಕಡಿದಾದ ಮೇಲೆ ಉಳಿದ ಒಣ ಗರಿಗೆ, ಅಂದರೆ ರವದಿಗೆ, ಕಡ್ಡಿ ಗೀರಿದ. ‘ಗಾಳಿ ಅದ ಕಾಕಾ’ ಅಂದೆ. ‘ಗಾಳಿ ಆ ಕಡಿಗಿ ಅದಲೇ, ನಮ್ಮ ಕಡಿಗಿ ಇಲ್ಲ’ ಅಂದ. ಆ ಕಡೆ ಬಾಜೂ ಹೊಲದವರ ಕಣಕಿ ಬಣಮಿ, ಅಂದರೆ ಜೋಳದ ಒಣ ದಂಟಿನ ಬಣವೆ, ಇತ್ತು. ಮೊದಲು ಏನೂ ಕಾಣಲಿಲ್ಲ. ಬಣಮಿಯ ನೆತ್ತಿಯಿಂದ ಹುಕ್ಕಾದ ಹಾಗೆ ಸಣ್ಣಗೆ ಹೊಗೆ ಬರುತ್ತಿತ್ತು, ಒಳಗೊಳಗೇ ಹಬ್ಬಿ ಆಮೇಲೆ ಒಮ್ಮೆಲೇ ಭುಗಿಲ್ ಅಂತು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಹಗ್ಗವನ್ನು ಕಾಕಾನೇ ಓಡಿಹೋಗಿ ಕುಡಗೋಲಿಂದ ಕೊಯ್ದ. ಬೋರ್ ಚಾಲೂ ಮಾಡೋಣ ಅಂದರೆ ಕರೆಂಟ್ ಇಲ್ಲ, ಪಂಪಿನ ಕರೆಂಟಿನ ಪಾಳಿ ರಾತ್ರಿ. ಬೆಂಕಿ ಆರಿಸುವ ಗಾಡಿ ತಾಲೂಕಿನಿಂದ ಬಂತು. ಬರುವಷ್ಟರಲ್ಲಿ ಬೂದಿ ಕೂಡ ತಣ್ಣಗಾಗಿತ್ತು, ಎಮ್ಮೆ ಮಾತ್ರ ದೂರದ ಬದುವಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು.

ಮರುದಿನ ಪಂಚನಾಮೆ. ಸಾಹೇಬರು ನೆರಳು ಹುಡುಕಿ ಕೂತು ಕಾಗದ ತೆಗೆದರು. ಕಾರಣ ಎನ್ನುವ ಕಡೆ ಪೆನ್ನು ನಿಂತಿತು. ಕಾಕಾನ ಬಿಳಿ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದ ಚಿತ್ರ ಎದ್ದು ಕಾಣುತ್ತಿತ್ತು. ಬಾಜೂ ಹೊಲದವರೂ ಸುಮ್ಮನಿದ್ದರು, ಹೋದ ವರ್ಷ ಅವರು ಹಚ್ಚಿದ ಬೆಂಕಿಗೆ ನಮ್ಮ ತೊಗರಿ ಕಟಗಿ ಹೋಗಿತ್ತು.

‘ಬಿಸಲಿಗಿ ಹತ್ತದರೀ ಸಾಹೇಬ್ರ.’

‘ಬಿಸಲು ಅಂತ ಬರದ್ರ ಮ್ಯಾಲಿನವರು ಒಪ್ಪಲ್ಲ. ಕಿಡಿಗೇಡಿಗಳು ಅಂತ ಬರೀತೀನಿ. ಎಷ್ಟ ಮಂದಿ ಇದ್ರು?’

ಕಾಕಾ ಒಂದು ಸಲ ಮೇಲೆ ನೋಡಿದ, ಟವೆಲ್‌ನಿಂದ ಮುಖ ಒರೆಸಿಕೊಂಡ.

‘ಒಬ್ಬಾವೇ ರೀ. ದಿನಾ ಮುಂಜಾನಿ ಮೂಡಲ ಕಡಿಂದ ಬರ್ತಾನ.’

ಸಾಹೇಬರು ಬರೆದುಕೊಂಡರು.