ಪರಿಮಾರ್ಜನ್ ನೇಗಿ ಎಲ್ಲಿ ಹೋದರು ಅಂತ ಕೇಳುವವರಿಗೆ

"ಹದಿಮೂರಕ್ಕೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ದೆಹಲಿಯ ಆ ಹುಡುಗ ಎಲ್ಲಿ ಹೋದ?" ನಮ್ಮ ಚೆಸ್ ಆಟಗಾರರಾದ ಗುಕೇಶ್, ಪ್ರಗ್ನಾನಂದರ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. (ಗ್ರ್ಯಾಂಡ್‌ಮಾಸ್ಟರ್ ಅಂದರೆ ಚೆಸ್ಸಿನ ಅತಿ ದೊಡ್ಡ ಪಟ್ಟ.) "ಪಾಪ, ಓದಿನ ಕಡೆ ಹೋಗಿಬಿಟ್ಟ" ಅಂತ ಇನ್ನೊಬ್ಬರು ಹೇಳುತ್ತಾರೆ. ಓದೋಕೆ ಹೋದವನನ್ನು ನಮ್ಮ ಜನ ಪಾಪ ಅನ್ನುವುದು ಇದೊಂದೇ ವಿಷಯದಲ್ಲಿ ಇರಬೇಕು!

ಹೋಗಲಿ, ಆ ಹುಡುಗ ಮಾಡಿದ್ದೇನು ಅಂತ ಮೊದಲು ನೋಡೋಣ. ಪರಿಮಾರ್ಜನ್ ನೇಗಿ ಹುಟ್ಟಿದ್ದು 1993ರಲ್ಲಿ. 2006ರ ಜುಲೈ 1ರಂದು ರಷ್ಯಾದ ಸಾತ್ಕಾದಲ್ಲಿ ರುಸ್ಲಾನ್ ಶೆರ್ಬಕೋವ್ ಜೊತೆ ಡ್ರಾ ಮಾಡಿಕೊಂಡು ಗ್ರ್ಯಾಂಡ್‌ಮಾಸ್ಟರ್ ಪಟ್ಟ ಖಚಿತ ಮಾಡಿಕೊಂಡರು. ಆಗ ವಯಸ್ಸು 13 ವರ್ಷ, 4 ತಿಂಗಳು, 22 ದಿನ. ಅವರಿಗಿಂತ ಸಣ್ಣ ವಯಸ್ಸಿನಲ್ಲಿ ಈ ಪಟ್ಟ ಪಡೆದಿದ್ದವರು ಸೆರ್ಗೆಯ್ ಕರ್ಯಾಕಿನ್ ಒಬ್ಬರೇ. ಮುಂದೆ ವಿಶ್ವ ಚಾಂಪಿಯನ್ ಆದ ಮ್ಯಾಗ್ನಸ್ ಕಾರ್ಲ್‌ಸನ್ ಕೂಡ ಇದನ್ನು ಪಡೆದದ್ದು ನೇಗಿಗಿಂತ ಐದು ದಿನ ಹೆಚ್ಚಿನ ವಯಸ್ಸಿನಲ್ಲಿ. ಅಲ್ಲಿಗೆ ನಮ್ಮ ಜನ ಲೆಕ್ಕ ಹಾಕಿಬಿಟ್ಟರು: ಕಾರ್ಲ್‌ಸನ್‌ಗಿಂತ ಬೇಗ ಆದವನು ಕಾರ್ಲ್‌ಸನ್‌ಗಿಂತ ದೊಡ್ಡವನಾಗಲೇಬೇಕು.

ಚೆಸ್ಸಿನಲ್ಲಿ ಹಾಗೆಲ್ಲ ನಡೆಯುವುದಿಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ ಮೂರು ನಾರ್ಮ್ ಬೇಕು, ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕ) 2500 ಮುಟ್ಟಬೇಕು. ಒಂದು ನಾರ್ಮ್ ಅಂದರೆ ಬಲವಾದ ಎದುರಾಳಿಗಳಿರುವ ಟೂರ್ನಿಯಲ್ಲಿ, ಸಾಮಾನ್ಯವಾಗಿ ಒಂಬತ್ತು ಆಟವಾದರೂ ಆಡಿ, 2600ರ ಮಟ್ಟದ ಫಲಿತಾಂಶ ತೋರಿಸಬೇಕು. ಸುಲಭ ಅಂತ ನಾನು ಹೇಳುತ್ತಿಲ್ಲ. ಆಗ ಭಾರತದ ಹುಡುಗನಿಗೆ ಇದು ಯುರೋಪಿನ ಓಡಾಟವೂ ಹೌದು. ವಿಮಾನದ ಖರ್ಚು, ಹೋಟೆಲ್ ಖರ್ಚು, ಜೊತೆಗೊಬ್ಬ ದೊಡ್ಡವರು. ಆದರೆ ಈ ಪಟ್ಟ ಒಮ್ಮೆ ಸಿಕ್ಕರೆ ಜೀವನಪೂರ್ತಿ ಇರುತ್ತದೆ. ಹದಿಮೂರಕ್ಕೆ ಸಿಕ್ಕರೂ ಅದೇ, ಮೂವತ್ತಕ್ಕೆ ಸಿಕ್ಕರೂ ಅದೇ.

ನೇಗಿ ಪಟ್ಟ ಸಿಕ್ಕ ಮೇಲೆ ಸುಮ್ನೆ ಕೂರಲಿಲ್ಲ. 2009ರಲ್ಲಿ ಡೆನ್ಮಾರ್ಕಿನ ಪಾಲಿಟಿಕನ್ ಕಪ್ ಗೆದ್ದರು. 2010ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, ಅರ್ಜುನ ಪ್ರಶಸ್ತಿಯೂ ಬಂತು. 2012ರಲ್ಲಿ ಏಷ್ಯನ್ ಚಾಂಪಿಯನ್. ರೇಟಿಂಗ್ 2650 ದಾಟಿತು. ಇದನ್ನು "ಆರಿಹೋದ ಪ್ರತಿಭೆ" ಅನ್ನುವವರ ಮನೆಯಲ್ಲಿ ಎಷ್ಟು ಜನ ಏಷ್ಯನ್ ಚಾಂಪಿಯನ್‌ಗಳಿದ್ದಾರೋ!

ನನಗೆ ಜಾಸ್ತಿ ಇಷ್ಟವಾಗುವುದು 2014ರ ಟ್ರೋಮ್ಸೋ ಒಲಿಂಪಿಯಾಡ್, ಅಂದರೆ ದೇಶಗಳ ತಂಡಗಳು ಆಡುವ ಚೆಸ್ ಟೂರ್ನಿ. ಆ ಸಲ ಆನಂದ್ ಇರಲಿಲ್ಲ, ಹರಿಕೃಷ್ಣ ಇರಲಿಲ್ಲ. ತಂಡದ ಮೇಲೆ ಯಾರಿಗೂ ದೊಡ್ಡ ಆಸೆ ಇರಲಿಲ್ಲ. ಮೊದಲ ಬೋರ್ಡಿನಲ್ಲಿ ನೇಗಿ, ಜೊತೆಗೆ ಸೇತುರಾಮನ್, ಶಶಿಕಿರಣ್, ಅಧಿಬನ್, ಲಲಿತ್ ಬಾಬು. ಮೊದಲ ಬೋರ್ಡು ಅಂದರೆ ಎದುರಿನ ದೇಶದ ಅತ್ಯುತ್ತಮ ಆಟಗಾರನೇ ನಿಮ್ಮ ಪಾಲಿಗೆ. ಗೆಲ್ಲುವುದಕ್ಕಿಂತ ಸೋಲದೇ ಇರುವುದೇ ಅಲ್ಲಿ ದೊಡ್ಡ ಕೆಲಸ. ಈ ತಂಡ ಕಂಚು ಗೆದ್ದಿತು. ಓಪನ್ ವಿಭಾಗದಲ್ಲಿ (ಮಹಿಳೆಯರ ವಿಭಾಗ ಬೇರೆ) ಭಾರತಕ್ಕೆ ಅದೇ ಮೊದಲ ಪದಕ. ನೇಗಿಗೆ ಆಗ 21 ವರ್ಷ.

ಆಮೇಲೆ ಅವರು ಟೂರ್ನಿಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತ ಓದಿದರು. ಅಲ್ಲಿಂದ ಎಂಐಟಿಗೆ ಹೋಗಿ ಕಂಪ್ಯೂಟರ್ ವಿಜ್ಞಾನದಲ್ಲಿ, ಡೇಟಾಬೇಸ್‌ಗಳ ಮೇಲೆ ಸಂಶೋಧನೆ ಮಾಡಿದರು. ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿ ಶುರು ಮಾಡುವವರಿಗಾಗಿ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಮೇಲೆ ಪುಸ್ತಕಗಳನ್ನೂ ಬರೆದರು. ಬಹಳ ಆಳವಾಗಿ ಅಗೆದು ಬರೆದ ಪುಸ್ತಕಗಳು ಅವು. ಚೆಸ್ ಮೇಲೆ ಬೇಸರ ಬಂದವರು ಅಂಥದ್ದನ್ನು ಬರೆಯುವುದಿಲ್ಲ.

ಬಿಟ್ಟದ್ದು ಯಾಕೆ ಅಂತ ಅವರ ಮನಸ್ಸಿನೊಳಗೆ ಹೊಕ್ಕು ಹೇಳಲು ನಾನು ಹೋಗುವುದಿಲ್ಲ. ಆದರೆ 2650ರ ಆಟಗಾರನ ಬದುಕು ಎಂಥದ್ದು ಅಂತ ಹೊರಗಿನಿಂದಲೇ ಕಾಣುತ್ತದೆ. ಜಗತ್ತಿನ ಮೊದಲ ನೂರರ ಆಸುಪಾಸಿನಲ್ಲಿ ಇರುತ್ತೀರಿ. ಆದರೆ ದೊಡ್ಡ ದುಡ್ಡಿನ ಟೂರ್ನಿಗಳು ಕರೆಯುವುದು ತೀರಾ ಮೇಲಿನ ಕೆಲವರನ್ನು. ಉಳಿದವರು ಯಾರು ಬೇಕಾದರೂ ಸೇರಬಹುದಾದ ಓಪನ್ ಟೂರ್ನಿಗಳಲ್ಲಿ ಬಹುಮಾನ ಹಂಚಿಕೊಳ್ಳಬೇಕು. ಮನೆಯಲ್ಲಿ ದಿನವಿಡೀ ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಎದುರು ಕೂತು ಓಪನಿಂಗ್ ತಯಾರಿ. ತಿಂಗಳುಗಟ್ಟಲೆ ದುಡಿದು ಹತ್ತು ಪಾಯಿಂಟ್ ಏರಿಸಿದರೆ, ಒಂದೇ ಕೆಟ್ಟ ಟೂರ್ನಿಯಲ್ಲಿ ಅದಷ್ಟೂ ಹೋಗುತ್ತದೆ. ಗಣಿತದಲ್ಲಿ ಆಸಕ್ತಿ ಇರುವ 21ರ ಹುಡುಗ ಬೇರೆ ದಾರಿ ಹಿಡಿದರೆ ಅದರಲ್ಲಿ ಪಾಪ ಅನ್ನುವಂಥದ್ದು ಏನಿದೆ?

ಈ ವಯಸ್ಸಿನ ದಾಖಲೆಯ ಹುಚ್ಚು ಮಾತ್ರ ಇಳಿದಿಲ್ಲ. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ ಕರ್ಯಾಕಿನ್ ದಾಖಲೆ ಮುರಿದಾಗ ಪತ್ರಿಕೆಗಳು ದಿನ ಎಣಿಸಿ ಬರೆದವು. 2019ರಲ್ಲಿ ಗುಕೇಶ್‌ಗೆ ಅದೇ ದಾಖಲೆ 17 ದಿನಗಳಲ್ಲಿ ತಪ್ಪಿತ್ತು. ಅಯ್ಯೋ ಅಂದವರೆಷ್ಟು ಜನ! ಅದೇ ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಆ 17 ದಿನ ಯಾರಿಗೆ ಬೇಕಿತ್ತು? ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದದ್ದು 18ನೇ ವಯಸ್ಸಿನಲ್ಲಿ. ಅರ್ಜುನ್ ಎರಿಗೈಸಿಗೆ ಪಟ್ಟ ಸಿಕ್ಕಾಗ ಹದಿನೈದು ತುಂಬಲು ಕೆಲವೇ ದಿನ ಬಾಕಿ ಇತ್ತು, 2024ರಲ್ಲಿ ಅವರು 2800 ದಾಟಿದರು.

ಇಂದು ನಮ್ಮಲ್ಲಿ 80ಕ್ಕೂ ಹೆಚ್ಚು ಗ್ರ್ಯಾಂಡ್‌ಮಾಸ್ಟರ್‌ಗಳಿದ್ದಾರೆ. ಪಟ್ಟ ಬಂದ ದಿನ ಹಾರ ಹಾಕಿಸಿಕೊಂಡು ಫೋಟೋಕ್ಕೆ ನಿಂತವರಲ್ಲಿ ಜಾಸ್ತಿ ಜನ ಈಗಲೂ ಆ 2650ರ ಕೆಳಗೇ ಇದ್ದಾರೆ. ಅವರ ಕೋಚ್ ಸಂಬಳ ಯಾರು ಕೊಡುತ್ತಾರೆ, ಮುಂದಿನ ಟೂರ್ನಿಯ ಟಿಕೆಟ್ ಯಾರು ತೆಗೆಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಆಟ ಬಿಟ್ಟ ಮೇಲೆ ಮಾತ್ರ "ಎಲ್ಲಿ ಹೋದ" ಅಂತ ಹುಡುಕಲು ಬರುತ್ತಾರೆ.