ಊರಿನ ಆಡಿಟರೂ ರೆಡಿಂಗಿನ ಅಕೌಂಟೆಂಟೂ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಆಡಿಟರ ಕಚೇರಿ ಮಹಡಿಯ ಮೇಲಿತ್ತು. ಅಪ್ಪ ವರ್ಷಕ್ಕೊಮ್ಮೆ ಬಿಲ್ಲು, ಪಾಸ್‌ಬುಕ್ಕು, ಎಲ್‌ಐಸಿ ರಸೀದಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಒಯ್ದು ಅವರ ಮೇಜಿನ ಮೇಲಿಟ್ಟು, "ನೀವೇ ನೋಡ್ರಿ ಸರ್" ಅಂದರೆ ಮುಗೀತು. ಆಮೇಲಿನ ಮಾತೆಲ್ಲ ಮಳೆ, ಸೈಟಿನ ರೇಟು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು ಎಂಬುದರ ಬಗ್ಗೆ. ಸಹಿ ಎಲ್ಲೆಲ್ಲಿ ಬೇಕೋ ಅಲ್ಲಿ ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡುತ್ತಿದ್ದರು. ಅಪ್ಪ ಓದುತ್ತಿರಲಿಲ್ಲ.

ಇಂಗ್ಲೆಂಡಿನ ರೆಡಿಂಗಿನಲ್ಲಿ ಪರ್ಮನೆಂಟ್ ಕೆಲಸ ಬಿಟ್ಟು ಕಾಂಟ್ರಾಕ್ಟಿಗೆ ಇಳಿದಾಗ ನನ್ನ ತಲೆಯಲ್ಲಿದ್ದುದೂ ಅದೇ ಚಿತ್ರ. ಈಗ ಹೊಸದಾಗಿ ಇಳಿಯುವ ನಮ್ಮ ಹುಡುಗರು "ಅಣ್ಣಾ, ಅಕೌಂಟೆಂಟ್ ಇಟ್ಕೊಳ್ಳಲೇಬೇಕಾ?" ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು: ಯಾವ ಥರದ ಅಂಗಡಿ ತೆರೆದಿದ್ದೀಯ?

ಹೆಸರಿಗೆ ಕಾಂಟ್ರಾಕ್ಟಾದರೂ ನೌಕರನಂತೆಯೇ ದುಡಿಯುವವನಿಗೆ ನೌಕರನಂತೆಯೇ ತೆರಿಗೆ ಹಾಕುವ ನಿಯಮಕ್ಕೆ ಇಲ್ಲಿ ಐಆರ್35 ಎನ್ನುತ್ತಾರೆ. ಅದರ ಒಳಗೆ ಬೀಳುವ ಕಾಂಟ್ರಾಕ್ಟಾಗಿ, ನಮ್ಮನ್ನು ತನ್ನ ನೌಕರರೆಂದು ಸೇರಿಸಿಕೊಂಡು ಸಂಬಳ ಕೊಡುವ ಅಂಬ್ರೆಲಾ ಕಂಪನಿಯ ಮೂಲಕ ದುಡ್ಡು ಬರುವುದಾದರೆ ಬೇಡವೇ ಬೇಡ. ತೆರಿಗೆ ಕಡಿದುಕೊಂಡೇ ಕೈಗೆ ಕೊಡುತ್ತಾರೆ. ಒಳಗೋ ಹೊರಗೋ ಎಂದು ತೀರ್ಮಾನಿಸುವ ಹೊಣೆ 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ, ದೊಡ್ಡ ಗಿರಾಕಿಗಳ ಮೇಲೇ ಇದೆ. ಗಿರಾಕಿ ಸಣ್ಣ ಕಂಪನಿಯಾದರೆ ಮಾತ್ರ ಆ ತಲೆನೋವು ನಮ್ಮದು. ಆಗ ಅಕೌಂಟೆಂಟಿಗಿಂತ ಮೊದಲು, ಕಾಂಟ್ರಾಕ್ಟನ್ನು ಓದಿ ಹೇಳಬಲ್ಲವರಿಗೆ ದುಡ್ಡು ಕೊಡಿ. ಇನ್ನು ಸೋಲ್ ಟ್ರೇಡರ್ ಆಗಿ, ಅಂದರೆ ಕಂಪನಿ ತೆರೆಯದೆ ಸ್ವಂತ ಹೆಸರಿನಲ್ಲೇ, ತಿಂಗಳಿಗೆ ನಾಲ್ಕು ಸಣ್ಣ ಇನ್‌ವಾಯ್ಸ್ ಬರೆಯುವವರು ಒಂದು ಭಾನುವಾರ ಕೂತು ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ತಾಣದಲ್ಲಿ ರಿಟರ್ನನ್ನು ತಾವೇ ತುಂಬಬಹುದು. ಜನವರಿ 31ರ ಗಡುವನ್ನು ಮಾತ್ರ ಮರೆಯಬಾರದು.

ಲಿಮಿಟೆಡ್ ಕಂಪನಿ ತೆರೆದರೆ ಮಾತ್ರ ಇಟ್ಟುಕೊಳ್ಳಿ, ಅದೂ ಮೊದಲ ದಿನದಿಂದಲೇ. ಮೊದಲ ವರ್ಷ ಒಬ್ಬನೇ ಮಾಡಲು ಹೋಗಿ ಕೈ ಸುಟ್ಟುಕೊಂಡವನು ನಾನು.

ತಂಗಿಯ ಮದುವೆಗೆಂದು ಕಂಪನಿಯ ಖಾತೆಯಿಂದ 9,000 ಪೌಂಡ್ ತೆಗೆದು ಊರಿಗೆ ಕಳಿಸಿದೆ. ಕಂಪನಿ ನನ್ನದು, ದುಡಿದವನು ನಾನು, ದುಡ್ಡು ಇನ್ನಾರದು? ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ವ್ಯಕ್ತಿ. ಅಲ್ಲಿಂದ ನನ್ನ ಕೈಗೆ ಬಂದದ್ದು ಸಂಬಳವಲ್ಲ, ಖರ್ಚಿನ ಬಾಬ್ತಲ್ಲ, ಡಿವಿಡೆಂಡ್ ಎಂದು ಕಾಗದದಲ್ಲಿ ಬರೆದಿಟ್ಟಿಲ್ಲ ಅಂದಮೇಲೆ ಅದು ಸಾಲ. ಲೆಕ್ಕದ ವರ್ಷ ಮುಗಿದು 9 ತಿಂಗಳು 1 ದಿನದೊಳಗೆ ಆ ಸಾಲ ತೀರದಿದ್ದರೆ ಕಂಪನಿ ಅದರ ಮೇಲೆ ತೆರಿಗೆ ಕಟ್ಟಬೇಕು. ಆಗ ಅದರ ದರ ಶೇ 33.75. ಹಿಂದಿನ ತಾರೀಕು ಹಾಕಿ ಡಿವಿಡೆಂಡ್ ಬರೆಯುವಂತಿಲ್ಲ. ಇದೆಲ್ಲ ನನಗೆ ತಿಳಿದದ್ದು ಎಂಟನೇ ತಿಂಗಳಲ್ಲಿ. ಓಡಿಹೋಗಿ ಅಕೌಂಟೆಂಟ್ ಹಿಡಿದೆ. ಲಾಭ ಇತ್ತು, ಪುಣ್ಯಕ್ಕೆ. ಆಕೆ ಅಂದಿನ ತಾರೀಕಿಗೆ ಹೊಸ ಡಿವಿಡೆಂಡ್ ಬರೆಸಿ ಸಾಲ ತೀರಿಸಿದರು. ಎರಡು ಹಾಳೆ ಕಾಗದ, ಅಷ್ಟೇ.

ಇನ್ನೊಂದು ಹಳ್ಳವೂ ಮೊದಲ ವರ್ಷದಲ್ಲೇ ಇದೆ. ಕಂಪನಿ ಹುಟ್ಟಿದ ದಿನದಿಂದ ಮರುವರ್ಷ ಅದೇ ತಿಂಗಳ ಕೊನೆಯವರೆಗೆ ಮೊದಲ ಲೆಕ್ಕ ನಡೆಯುತ್ತದೆ, ಅಂದರೆ 12 ತಿಂಗಳು ದಾಟುತ್ತದೆ. ಕಾರ್ಪೊರೇಷನ್ ತೆರಿಗೆಯ ಅವಧಿ 12 ತಿಂಗಳು ದಾಟುವಂತಿಲ್ಲ. ಹಾಗಾಗಿ ಒಂದೇ ಲೆಕ್ಕಕ್ಕೆ ಎರಡು ರಿಟರ್ನ್. ಅದರಲ್ಲೂ ತೆರಿಗೆ ಕಟ್ಟುವ ಗಡುವು ಮೊದಲು, ರಿಟರ್ನ್ ಸಲ್ಲಿಸುವ ಗಡುವು ಆಮೇಲೆ! ಊಟಕ್ಕೆ ಮೊದಲೇ ಬಿಲ್ಲು.

ಬೆಂಗಳೂರಿನಲ್ಲಿ ಫ್ರೀಲಾನ್ಸ್ ಮಾಡುವ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದರೆ ನಗುತ್ತಾನೆ. ಅವನು ಹಿಡಿದದ್ದು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ದಾರಿ. ಬಂದ ಹಣದಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ ಖರ್ಚಿನ ಲೆಕ್ಕ ಯಾರೂ ಕೇಳುವುದಿಲ್ಲ. ನಗದು ಶೇ 5 ಮೀರದಿದ್ದರೆ 75 ಲಕ್ಷದವರೆಗೂ ಈ ಸವಲತ್ತು. ಮುಂಗಡ ತೆರಿಗೆಯೂ ಮಾರ್ಚ್ 15ಕ್ಕೆ ಒಂದೇ ಕಂತು. ನನ್ನ ಕೇಳಿದರೆ ಅವನಿಗೆ ಆಡಿಟರ ಅಗತ್ಯ ನನಗಿಂತ ಎಷ್ಟೋ ಕಡಿಮೆ. ಆದರೂ ಇಟ್ಟುಕೊಂಡಿದ್ದಾನೆ. 20 ಲಕ್ಷ ದಾಟಿದಾಗ ಜಿಎಸ್‌ಟಿ, ಹೊರದೇಶದ ಗಿರಾಕಿಗೆ ಜಿಎಸ್‌ಟಿ ಇಲ್ಲದೆ ಬಿಲ್ಲು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಅಂತೆಲ್ಲ ನೆಪ ಹೇಳುತ್ತಾನೆ. ನಿಜ ಏನೆಂದರೆ ನಮ್ಮಲ್ಲಿ ಆಡಿಟರು ಮನೆ ವೈದ್ಯರಿದ್ದಂತೆ, ಇರಲೇಬೇಕು.

ಇಲ್ಲಿ ಇಂಗ್ಲೆಂಡಿನಲ್ಲಿ ಆಡಿಟರ್ ಎಂಬ ಪದವನ್ನೇ ಬಳಸಬೇಡಿ. ನಮ್ಮಂಥ ಪುಟ್ಟ ಕಂಪನಿಗಳಿಗೆ ಆಡಿಟ್ಟೇ ಬೇಕಿಲ್ಲ, ಕೇಳಿದವರು ಏನೋ ಹಗರಣ ಅಂದುಕೊಳ್ಳುತ್ತಾರೆ. ಅಕೌಂಟೆಂಟ್ ಎಂಬ ಹೆಸರಿಗಾದರೋ ಇಲ್ಲಿ ಕಾನೂನಿನ ಕಾವಲಿಲ್ಲ. ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು. ಚಾರ್ಟರ್ಡ್ ಅಥವಾ ಸರ್ಟಿಫೈಡ್ ಹೌದೇ ಎಂದು ವಿಚಾರಿಸಿಯೇ ಸೇರಿ. ನಾನು ಕೊಡುವುದು ತಿಂಗಳಿಗೆ 110 ಪೌಂಡ್, ವ್ಯಾಟ್ ಬೇರೆ. ಅದಕ್ಕೆ ತಕ್ಕಷ್ಟು ತೆರಿಗೆ ಉಳಿಯುತ್ತದೆಯೇ? ಬಹುಶಃ ಇಲ್ಲ. ಡೈರೆಕ್ಟರ್ ಸಂಬಳ ಎಷ್ಟಿರಬೇಕೆಂಬ ಲೆಕ್ಕ ಒಂದು ಸಂಜೆಯಲ್ಲಿ ಕಲಿಯಬಹುದಾದದ್ದು. ನಾನು ಕೊಡುತ್ತಿರುವುದು ಆ ಎಂಟನೇ ತಿಂಗಳ ಫೋನ್ ಕರೆಗೆ.

ಆದರೆ "ನೀವೇ ನೋಡ್ರಿ" ಇಲ್ಲಿ ನಡೆಯದು. ಲೆಕ್ಕ ತಡವಾಗಿ ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ ಸೇರಿದರೆ, ಒಂದೇ ದಿನವಾದರೂ, 150 ಪೌಂಡ್ ದಂಡ ನನ್ನ ಕಂಪನಿಗೆ. ಅಕೌಂಟೆಂಟ್ ಮರೆತರು ಎಂಬ ಸಬೂಬು ಅಲ್ಲಿ ಬಾಳುವುದಿಲ್ಲ.

ನನ್ನ ಈ ಅಕೌಂಟೆಂಟಿಗೆ ಗೊತ್ತಿಲ್ಲದ್ದೂ ಒಂದಿದೆ, ನನ್ನ ಊರಿನ ದುಡ್ಡು. ಇಲ್ಲಿ ನೆಲೆಸಿದವನು ಜಗತ್ತಿನ ಎಲ್ಲ ಆದಾಯವನ್ನೂ ತೋರಿಸಬೇಕು. ದಾವಣಗೆರೆಯಲ್ಲಿ ನನ್ನ ಹೆಸರಿನಲ್ಲಿರುವ ಎಫ್‌ಡಿ ಬಗ್ಗೆ ಆಕೆ ಕೇಳಿದ್ದು ಫಾರಂನ ಒಂದು ಚೌಕದಲ್ಲಿ: ವಿದೇಶಿ ಆದಾಯ, ಹೌದು ಅಥವಾ ಇಲ್ಲ. ಊರಿನದು ವಿದೇಶ ಎಂದು ಹೊಳೆಯದೆ "ಇಲ್ಲ" ಎಂದು ಒತ್ತಿಬಿಟ್ಟಿದ್ದೆ. ಸಲ್ಲಿಸುವ ಮುನ್ನ ನೆನಪಾಗಿ ತಿದ್ದಿಸಿದೆ. ಅಪ್ಪನ ಆಡಿಟರಿಗಾದರೆ ಆ ಎಫ್‌ಡಿ ಇಟ್ಟ ದಿನವೇ ಗೊತ್ತು, ಚಹಾ ಕುಡಿಯುತ್ತ ಅಪ್ಪನೇ ಹೇಳಿರುತ್ತಾರೆ.

ಬಡ್ಡಿಯ ಲೆಕ್ಕ ಕೇಳಲು ಅವರಿಗೇ ಫೋನ್ ಮಾಡಿದೆ. ಇಲ್ಲಿನ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5ರವರೆಗೆ, ಹಾಗೇ ಬೇಕು ಸರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬ್ಯಾಂಕಿನವರು ಮಾರ್ಚ್ 31ಕ್ಕೆ ಕೊಡ್ತಾರಪ್ಪ. ಆ ಐದು ದಿನ ಇಟ್ಕೊಂಡು ಅವರು ಏನ್ ಮಾಡ್ತಾರಂತೆ?"